ಯಾರ ಪಾಲಿಗೂ ಬರದ ಕೊಂಡಿ

"ಅಜ್ಜಾರ, ಎಲ್ಲಾ ಕೆಲಸಕ್ಕೂ ಒಂದ ದೊಡ್ಡ ಪ್ರೋಗ್ರಾಂ ಇರೋದು ಛಲೋನೋ, ಕೆಲಸಕ್ಕೊಂದು ಸಣ್ಣ ಪ್ರೋಗ್ರಾಂ ಇರೋದು ಛಲೋನೋ?"

ಮಠದ ಗುರುಗಳನ್ನು ಹೀಗೆ ಕೇಳಿದವನು ಅಮರೇಶ. ಅಲ್ಲಿನ ಕಂಪ್ಯೂಟರ್ ಕೆಲಸ ಅವನ ಕೈಯಲ್ಲಿತ್ತು. ಶಾಲೆಗೆ ಮಕ್ಕಳನ್ನು ಸೇರಿಸಿಕೊಳ್ಳುವುದು, ಹಾಸ್ಟೆಲಿನ ಕೋಣೆ ಹಂಚುವುದು, ದಾಸೋಹದ ಉಗ್ರಾಣದಲ್ಲಿ ಅಕ್ಕಿ ಬೇಳೆ ಎಷ್ಟಿದೆ ಎಂದು ನೋಡುವುದು, ಭಕ್ತರ ಕಾಣಿಕೆಗೆ ರಸೀದಿ ಕೊಡುವುದು, ಇಷ್ಟನ್ನೂ ಒಂದೇ ಸಾಫ್ಟ್‌ವೇರ್ ಮಾಡುತ್ತಿತ್ತು. ಇಡೀ ಬಂಡೆಯ ಹಾಗೆ ಕೂತಿದ್ದ ಅದಕ್ಕೆ ಆ ಕಸುಬಿನವರು ಮೊನೊಲಿತ್ ಎನ್ನುತ್ತಾರೆ. ಅದನ್ನು ಒಡೆಯಬೇಕು, ಕೆಲಸಕ್ಕೊಂದು ಸಣ್ಣ ಪ್ರೋಗ್ರಾಂ ಮಾಡಬೇಕು, ಅವು ಒಂದಕ್ಕೊಂದು ಸುದ್ದಿ ಕಳಿಸಿಕೊಂಡು ದುಡಿಯಬೇಕು ಎಂಬುದು ಅಮರೇಶನ ಹಟ. ಅದಕ್ಕೂ ಒಂದು ಹೆಸರಿದೆ, ಮೈಕ್ರೋಸರ್ವಿಸ್. ಉಗ್ರಾಣದ ಭಾಗ ಬರೆಯುವ ಹುಡುಗ ಬೇರೆ, ಉಳಿದದ್ದೆಲ್ಲ ಅಮರೇಶನದು.

"ಒಂದ ಕಡೆ ಕೆಟ್ಟರ ಎಲ್ಲಾ ನಿಂದರತೈತ್ರಿ. ಉಗ್ರಾಣದಾಗ ಏನರೆ ತಿದ್ದಾಕ ಹೋದ್ರ ರಸೀದಿ ಬಂದ್ ಆಗತೈತಿ. ಒಡದ ಬಿಡಲೇನ್ರಿ?"

ಗುರುಗಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ನೇಕಾರ ಸಾಹುಕಾರ ಇದ್ದ. ಮುರಿಗೆಪ್ಪ ಅಂತ ಹೆಸರು. ಉದ್ದನೆಯ ಒಂದು ತಗಡಿನ ಚಪ್ಪರ, ಅದರ ಕೆಳಗೆ ಅವನ ಇಡೀ ಕಾರಖಾನೆ. ಒಂದು ಮೂಲೆಯಲ್ಲಿ ಬಣ್ಣದ ಹಂಡೆ. ನಡುವೆ ಹಾಸು ಹೂಡುವವರು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ನೂಲನ್ನು ಹೊಂದಿಸುವವರು. ಬೆಳಕು ಬೀಳುವ ಕಡೆ ಮಗ್ಗಗಳು. ಬಿಳಿ ನೂಲು ಈ ಬಾಗಿಲಿಂದ ಒಳಗೆ ಹೋದರೆ ಸೀರೆಯಾಗಿ ಆ ಬಾಗಿಲಿಂದ ಹೊರಗೆ ಬರುತ್ತಿತ್ತು.

ಅವರು ನೇಯುವ ಸೀರೆಗೆ ಒಂದು ಗುಣ. ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಎರಡಕ್ಕೂ ಬೇರೆ ಬೇರೆ ಹಾಸು. ನೇಯುವ ಮೊದಲು ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಒಂದೊಂದು ಎಳೆಗೆ ಕುಣಿಕೆ ಹಾಕಿ ಕೂಡಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತಾರೆ. ಅತ್ತ ಎಷ್ಟು ಎಳೆಯೋ ಇತ್ತಲೂ ಅಷ್ಟೇ ಎಳೆ ಇರಬೇಕು. ಹೆಚ್ಚುಕಡಿಮೆಯಾದರೆ ಸೀರೆ ಕೂಡುವ ಜಾಗದಲ್ಲಿ ಮುಖ ಸೊಟ್ಟ ಮಾಡುತ್ತದೆ. ನೋಡಿದ ಹೆಂಗಸರೂ ಹಾಗೇ ಮಾಡುತ್ತಾರೆ.

ಒಡಲಿನ ಹಾಸು ಮುರಿಗೆಪ್ಪನದೇ. ಸೆರಗಿನ ಹಾಸು ಅವನ ಅಕ್ಕ ದುಂಡವ್ವನದು. ಗಂಡ ಕಣ್ಣುಮುಚ್ಚಿದ ಮೇಲೆ ಆಕೆ ಒಬ್ಬನೇ ಮಗ ಗುರುಸಿದ್ಧನನ್ನು ಕಟ್ಟಿಕೊಂಡು ತವರೂರಿಗೆ ಬಂದವಳು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಕೊಂಡಿ ಹಾಕುವ ಹೊತ್ತಿಗೆ ಅಕ್ಕ ಆ ಕಡೆ, ತಮ್ಮ ಈ ಕಡೆ, ಎದುರುಬದುರು ಕೂರುವುದು ಆ ಮನೆಯ ರೂಢಿ.

"ನಿನ್ನ ಕಡೆ ಒಂದೆಳಿ ಕಮ್ಮಿ ಐತ್ಯೋ."

"ತಡೀ ಅಕ್ಕಾ, ಹಾಕತೀನಿ."

ಇಷ್ಟೇ. ಇಷ್ಟರಲ್ಲಿ ತಪ್ಪು ಸಿಕ್ಕಿ, ತಿದ್ದಿ, ಮುಗಿಯುತ್ತಿತ್ತು. ಇದೊಂದು ಕೆಲಸ ಎಂದು ಯಾರೂ ಹೆಸರಿಟ್ಟು ಹೇಳುತ್ತಿರಲಿಲ್ಲ. ಮಾತಿನ ನಡುವೆ ನಡೆದುಹೋಗುತ್ತಿತ್ತು.

ಒಂದೇ ಚಪ್ಪರದಲ್ಲಿ ಸುಖವೇ ಇತ್ತು ಎಂದರೆ ಸುಳ್ಳಾಗುತ್ತದೆ. ಬಣ್ಣದ ರಾಚಪ್ಪ ಹಂಡೆಗೆ ಬೆಂಕಿ ಹಾಕಿದ ದಿನ ಹೊಗೆಗೆ ಎಲ್ಲರ ಕಣ್ಣಲ್ಲೂ ನೀರು. ಒಬ್ಬ ಮಗ್ಗದವನಿಗೆ ಇನ್ನೊಬ್ಬನ ಜೊತೆ ಜಗಳವಾದರೆ ಅದನ್ನು ಕೇಳುವ ಆಸೆಗೆ ಉಳಿದವರ ಲಾಳಿಯೂ ನಿಲ್ಲುತ್ತಿತ್ತು. ದಡಿಯ ಬಣ್ಣ ಬದಲಿಸಬೇಕೆಂದರೆ ಇಡೀ ಚಪ್ಪರ ಕೈಕಟ್ಟಿ ಕೂರುತ್ತಿತ್ತು. ಮುರಿಗೆಪ್ಪನಿಗೆ ಜ್ವರ ಬಂದರೆ ಬಾಗಿಲ ಕೀಲಿಯೇ ತೆರೆಯುತ್ತಿರಲಿಲ್ಲ. ಆದರೂ ಸೀರೆ ಹೊರಗೆ ಬರುತ್ತಿದ್ದವು. ಊರು ಹೊಗಳುತ್ತಿತ್ತು, ಹೊಗಳಿದ ಮೇಲೆ ಮೂಗೂ ಮುರಿಯುತ್ತಿತ್ತು.

ಹೀಗಿರುವಾಗ ಮುರಿಗೆಪ್ಪನ ಮಗಳು ಸುವರ್ಣಾಳ ಮದುವೆ ಗೊತ್ತಾಯಿತು.

ಅಲ್ಲಿಂದ ಊರಿಗೆ ನಿದ್ದೆ ಹೋಯಿತು. ಯಾಕೆಂದರೆ ಆ ಹುಡುಗಿ ದುಂಡವ್ವನ ಸೊಸೆಯಾಗಬೇಕಾದವಳು. ತಮ್ಮನ ಮಗಳು ಅಕ್ಕನ ಮಗನಿಗೆ ಎಂಬುದು ಅವರಲ್ಲಿ ಹುಟ್ಟಿದಾಗಲೇ ಗಟ್ಟಿಯಾಗುವ ಮಾತು. ತೊಟ್ಟಿಲಿಗೆ ಹಾಕಿದ ದಿನವೇ ದುಂಡವ್ವ ಕೂಸಿನ ಕೈಗೆ ಬೆಳ್ಳಿ ಬಳೆ ತೊಡಿಸಿ "ನನ್ನ ಸೊಸಿ" ಎಂದಿದ್ದಳು. ಅದನ್ನು ಕಂಡವರು, ಕಾಣದವರು, ಆಗ ಇನ್ನೂ ಹುಟ್ಟದೇ ಇದ್ದವರು, ಎಲ್ಲರೂ ಈಗ ಸಾಕ್ಷಿ ಹೇಳತೊಡಗಿದರು. ಅಂಥ ಹುಡುಗಿಯನ್ನು ಮುರಿಗೆಪ್ಪ ಪರ ಊರಿನ ಬಟ್ಟೆ ಅಂಗಡಿಯವರ ಮನೆಗೆ ಕೊಟ್ಟ. ಮನೆತನ ಗಟ್ಟಿ. ಹುಡುಗ ನೋಡಲು ಚೆಂದ. ಹುಡುಗಿಯೂ ತಲೆ ತಗ್ಗಿಸಿ ನಕ್ಕಿದ್ದಳು. ಮುರಿಗೆಪ್ಪನಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ.

ಆದರೆ ಅಕ್ಕನಿಗೆ ಹೇಳಲೂ ಬಾಯಿ ಬರಲಿಲ್ಲ. ಸುದ್ದಿ ಆಕೆಗೆ ನೂಲಿಗೆ ಗಂಜಿ ಹಾಕುವ ಹೆಂಗಸರಿಂದ ಮುಟ್ಟಿತು. ಮಾರನೆಯ ದಿನ ಕಾರಖಾನೆಗೆ ಬಂದ ದುಂಡವ್ವ ತಮ್ಮನನ್ನು ನೋಡಿದಳು, ಸರಕ್ಕನೆ ಮುಖ ಆ ಕಡೆ ತಿರುಗಿಸಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡು ಮುರಿಗೆಪ್ಪ ಕಣ್ಣು ನೆಲಕ್ಕೆ ಇಳಿಸಿದ.

ಅವತ್ತಿನಿಂದ ಅವನು ಅಕ್ಕನ ಜೊತೆ ನೇರ ಮಾತಾಡಲಾರದೆ ಹೋದ. ಕೊಂಡಿಗೆ ಎದುರುಬದುರು ಕೂತರೂ ಚಪ್ಪರದ ನಡುಗಂಬವನ್ನು ನೋಡಿಕೊಂಡು ಹೇಳುತ್ತಿದ್ದ.

"ರೇಷ್ಮಿ ತೀರೇತೇನೋ ನೋಡಬೇಕು."

ಒಂದೆರಡು ದಿನ ಕಳೆದ ಮೇಲೆ ದುಂಡವ್ವನೂ ಕಂಬಕ್ಕೇ ಉತ್ತರ ಕೊಡತೊಡಗಿದಳು.

"ತೀರಿಲ್ಲಂತ ಹೇಳೋ ಕಂಬಣ್ಣಾ. ಕಣ್ಣಿದ್ದವರು ನೋಡಿಕೋಬೇಕಂತ ಹೇಳು."

ಮಗ್ಗದವರು ಲಾಳಿ ಹಿಡಿದುಕೊಂಡೇ ನಗುತ್ತಿದ್ದರು. ಅವರಿಗೆ ಇಂಥ ಆಟ ಯಾವ ಬಯಲಾಟದಲ್ಲೂ ಸಿಕ್ಕಿರಲಿಲ್ಲ. ಮುರಿಗೆಪ್ಪನಿಗೆ ಮಾತ್ರ ಬೆಳಗಾದರೆ ಚಪ್ಪರಕ್ಕೆ ಹೋಗುವುದೇ ಮುಳ್ಳಾಯಿತು.

ಆಗ ಹಂಡೆ ಒಡೆಯಿತು.

ರಾಚಪ್ಪನ ನೀಲಿ ಹಂಡೆ ತಳದಲ್ಲಿ ಸೀಳಿ, ಬಣ್ಣದ ನೀರು ಹರಿದು ಮಗ್ಗದ ಕುಣಿಗಳಿಗೆಲ್ಲ ಇಳಿಯಿತು. ಕಾಲು ಇಳಿಬಿಟ್ಟು ಕೂತವರು ಮೊಣಕಾಲಿನವರೆಗೆ ನೀಲಿಯಾದರು. ಕುಣಿ ಒಣಗುವ ತನಕ ಕೆಲಸವೆಲ್ಲ ನಿಂತಿತು. ಮುರಿಗೆಪ್ಪ ಹಣೆ ಚಚ್ಚಿಕೊಳ್ಳಲಿಲ್ಲ. ಮುಖದಲ್ಲಿ ಒಂದು ನಮೂನೆಯ ಕಳೆ ಬಂದಿತ್ತು. ಎಲ್ಲರನ್ನೂ ಕೂಡಿಸಿ ಹೇಳಿದ.

"ಇನ್ನ ಹಿಂಗ ಬ್ಯಾಡ. ಒಬ್ಬನ ಕೆಲಸ ಕೆಟ್ಟರ ಇನ್ನೊಬ್ಬನದು ನಿಂದರಬಾರದು. ಬಣ್ಣದ ಮನಿ ಬ್ಯಾರೆ, ಒಡಲಿನ ಮನಿ ಬ್ಯಾರೆ, ಸೆರಗಿನ ಮನಿ ಬ್ಯಾರೆ, ಮಗ್ಗದ ಮನಿ ಬ್ಯಾರೆ. ಅವರವರ ಕೆಲಸ ಅವರು ಮಾಡಬೇಕು, ಮಾಡಿದ್ದನ್ನ ತಳ್ಳುಗಾಡ್ಯಾಗ ಹಾಕಿ ಮುಂದಿನ ಮನಿಗೆ ಕಳಿಸಬೇಕು. ನಡುವ ಬ್ಯಾರೆ ಮಾತೇ ಬ್ಯಾಡ."

ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಕೇಳಿದವರು ಹೌದೌದು ಎಂದರು. ಬಣ್ಣದ ಮನೆ ಹಳ್ಳದ ದಂಡೆಗೆ ಹೋಯಿತು. ಒಡಲಿನ ಮನೆ ಮುರಿಗೆಪ್ಪನ ಪಡಸಾಲೆಗೆ ಬಂತು. ಚಪ್ಪರ ಮಗ್ಗಗಳಿಗೆ ಉಳಿಯಿತು. ಸೆರಗಿನ ಮನೆಯನ್ನು ಮಾತ್ರ ಊರಾಚೆಯ ಓಣಿಯಲ್ಲಿ, ದುಂಡವ್ವನ ಹಿತ್ತಲಿನಲ್ಲೇ ಮಾಡಲಾಯಿತು. ಅಷ್ಟು ದೂರ ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಊರಿಗೇನು ಕಣ್ಣಿರಲಿಲ್ಲವೆ? ಕೆಲಸ ಒಡೆಯುತ್ತಿದ್ದಾನೋ ಅಕ್ಕನ ಮುಖ ತಪ್ಪಿಸುತ್ತಿದ್ದಾನೋ ಎಂಬುದು ಎಲ್ಲರಿಗೂ ಗೊತ್ತಿತ್ತು. ಮುರಿಗೆಪ್ಪನೊಬ್ಬನಿಗೆ ಗೊತ್ತಿರಲಿಲ್ಲ. ಅವನು ನಿಜವಾಗಿ ಕೆಲಸದ ಸಲುವಾಗಿಯೇ ಒಡೆದೆ ಎಂದು ನಂಬಿದ್ದ. ಆ ರಾತ್ರಿ ಚೆನ್ನಾಗಿ ಉಂಡು ಮಲಗಿದ.

ಮೊದಮೊದಲು ಎಲ್ಲ ಚೆಂದವೇ ನಡೆಯಿತು. ಹಳ್ಳದ ನೀರಿಗೆ ರಾಚಪ್ಪನ ಬಣ್ಣ ಮೊದಲಿಗಿಂತ ಕಳೆಗಟ್ಟಿತು. ಬಿಸಿಲಿದ್ದ ದಿನ ನಾಲ್ಕು ದಿನದ ನೂಲು ಅದ್ದಿ, ಮೋಡ ಹಾಕಿದ ದಿನ ಕಾಲು ಚಾಚಿ ಮಲಗುತ್ತಿದ್ದ. ಯಾರೂ ಕೇಳುವಂತಿರಲಿಲ್ಲ. ಮತ್ತೊಂದು ಹಂಡೆ ಸೀಳಿತು. ಯಾರ ಕಾಲೂ ನೀಲಿಯಾಗಲಿಲ್ಲ, ಯಾರ ಮಗ್ಗವೂ ನಿಲ್ಲಲಿಲ್ಲ. ಒಡೆಯುವ ಮೊದಲೇ ಕೂಡಿಸಿಟ್ಟಿದ್ದ ಹಾಸುಗಳನ್ನು ಮಗ್ಗದವರು ನೇಯುತ್ತಿದ್ದರು. ಮುರಿಗೆಪ್ಪ ಮೀಸೆಯ ಮೇಲೆ ಕೈಯಾಡಿಸಿದ. ಹೊಗೆ ಇಲ್ಲದ ಪಡಸಾಲೆಯಲ್ಲಿ ಕೂತು, ಯಾರ ಬೈಗುಳವೂ ಕಿವಿಗೆ ಬೀಳದೆ, ಒಡಲಿನ ಹಾಸನ್ನು ಮೊದಲಿಗಿಂತ ನಯವಾಗಿ ಹೂಡತೊಡಗಿದ. ಹೊಸದಾಗಿ ತೆಳು ನೂಲು ಬಂದಿತ್ತು. ತೆಳು ನೂಲಾದರೆ ಅದೇ ಅಗಲಕ್ಕೆ ಎಳೆ ಹೆಚ್ಚು ಬೇಕು. ಹೆಚ್ಚು ಹಾಕಿದ. ಬಟ್ಟೆ ಬೆಣ್ಣೆಯ ಹಾಗಾಗುತ್ತದೆ ಎಂದು ಹಿಗ್ಗಿದ.

ಎಳೆ ಹೆಚ್ಚು ಮಾಡಿದ್ದನ್ನು ಸೆರಗಿನ ಮನೆಗೆ ಹೇಳಲಿಲ್ಲ. ಹೇಳಬೇಕು ಎಂದು ಹೊಳೆಯಿತು. ತಳ್ಳುಗಾಡಿಯವನ ಕೈಲಿ ಹೇಳಿ ಕಳಿಸಿದರಾಯಿತು ಎಂದುಕೊಂಡ. ಅಕ್ಕ ಮರಳಿ ಏನಾದರೂ ಹೇಳಿ ಕಳಿಸಿದರೆ? ಮಗಳ ಮಾತು ಎತ್ತಿದರೆ? ಆಮೇಲೆ ನೋಡೋಣ ಎಂದು ಬಿಟ್ಟ. ಬಿಟ್ಟದ್ದು ಬಿಟ್ಟೇ ಹೋಯಿತು.

ಇತ್ತ ಬೀಗರ ಮನೆಯಿಂದ ಮಾತು ಬಂತು. "ಹಣ, ಬಂಗಾರ ನಮಗ ಬ್ಯಾಡ. ಮದುಮಗಳ ಸೀರಿ, ಮತ್ತ ನಮ್ಮನಿ ಹೆಣ್ಣುಮಕ್ಕಳ ಸೀರಿ ನಿಮ್ಮ ಮಗ್ಗದಾಗ ನೇದಿದ್ದು ಆಗಬೇಕು." ಬಟ್ಟೆ ಅಂಗಡಿಯವರು ಕೇಳುವುದು ಮತ್ತೇನನ್ನು? ಮುರಿಗೆಪ್ಪ ಎದೆ ಉಬ್ಬಿಸಿ ಆಗಲಿ ಎಂದ. ಸುವರ್ಣಾಳ ಸೀರೆಗೆ ದಾಳಿಂಬೆ ಹೂವಿನ ಬಣ್ಣದ ಸೆರಗು. ಆ ರೇಷ್ಮೆಯನ್ನು ಅವನೇ ಆರಿಸಿ ಗಾಡಿಗೆ ಹಾಕಿಸಿದ. ಒಡಲು ಪಡಸಾಲೆಯಿಂದ ಹೋಯಿತು, ಸೆರಗು ಓಣಿಯಿಂದ ಬಂತು. ಎರಡೂ ಚಪ್ಪರದಲ್ಲಿ ಕೂಡಿದವು.

ಕೂಡಲಿಲ್ಲ.

ಮಗ್ಗದವರು ಹೇಳಿ ಕಳಿಸಿದರು: "ಕೊಂಡಿ ಹಾಕಿಲ್ಲ, ನೇಯೋದು ಹೆಂಗ?" ಮುರಿಗೆಪ್ಪ ಉತ್ತರ ಕಳಿಸಿದ: "ನೀವ ಹಾಕ್ಕೋರಿ." ಅವರು ಮತ್ತೆ ಹೇಳಿ ಕಳಿಸಿದರು: "ಅದು ನಮ್ಮ ಪಾಲಿಗೆ ಬಂದಿಲ್ಲ. ನಾವು ಎಂದೂ ಹಾಕಿದವರಲ್ಲ."

ಮುರಿಗೆಪ್ಪ ಹಾಸು ಹೂಡುವುದನ್ನು ಬಿಟ್ಟು ಕೂತ. ಮನೆ ಹಂಚುವಾಗ ಹಂಡೆ ಹಂಚಿದ್ದ, ಗಳ ಹಂಚಿದ್ದ, ಮುರುಕು ಲಾಳಿಯನ್ನೂ ಹಂಚಿದ್ದ. ಕೊಂಡಿ ಯಾರದು ಎಂಬುದೇ ಅವನ ತಲೆಗೆ ಹೊಳೆದಿರಲಿಲ್ಲ. ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದು ಅವನ ಕಣ್ಣಿಗೆ ಕೆಲಸದ ಹಾಗೆ ಕಂಡೇ ಇರಲಿಲ್ಲ.

ಎದ್ದು ಚಪ್ಪರಕ್ಕೆ ಹೋದ. ಒಬ್ಬ ಮಗ್ಗದವನನ್ನು ಎದುರಿಗೆ ಕೂರಿಸಿಕೊಂಡು ತಾನೇ ಕೊಂಡಿಗೆ ಕೈ ಹಾಕಿದ. ಬೆರಳು ಓಡಿದವು. ಆದರೆ ಕೊನೆಗೆ ಬಂದಾಗ ಈ ಕಡೆ ಎಳೆ ಉಳಿದಿದ್ದವು, ಆ ಕಡೆ ಏನೂ ಇರಲಿಲ್ಲ. ಬಿಚ್ಚಿ ಮತ್ತೆ ಹಾಕಿದ. ಮತ್ತೂ ಉಳಿದವು. ಬೀಗರ ಹೆಂಗಸರ ಸೀರೆಗಳ ಹಾಸುಗಳನ್ನು ತೆಗೆದು ನೋಡಿದ. ಅವೂ ಹಾಗೇ.

ಅಲ್ಲಿಂದ ಅವನ ತಿರುಗಾಟ ಶುರುವಾಯಿತು. ಮಗ್ಗದವರು "ನಮ್ಮ ಕಡೆ ಏನೂ ತಪ್ಪಿಲ್ಲ" ಎಂದರು. ತಾನೇ ಎಳೆ ಹೆಚ್ಚಿಸಿದ್ದನ್ನು ನೆನೆದರೆ ಅಕ್ಕನ ಬಾಗಿಲಿಗೇ ಹೋಗಬೇಕಾಗುತ್ತಿತ್ತು, ಅದನ್ನು ನೆನೆಯದೆ ಬಣ್ಣದಲ್ಲೇ ಏನೋ ಕೆಟ್ಟಿರಬೇಕು ಎಂದುಕೊಂಡು ಹಳ್ಳಕ್ಕೆ ಓಡಿದ. ರಾಚಪ್ಪ ಮರದ ನೆರಳಲ್ಲಿ ಮಲಗಿದ್ದವನು ಒಂದು ಕಣ್ಣು ತೆರೆದ.

"ಧಣ್ಯಾರ, ಬಣ್ಣ ಹೋಗೇತೇನ್ರಿ?"

"ಬಣ್ಣ ಛಲೋ ಐತಿ."

"ಮತ್ತ ನನ್ನ ಹಂತ್ಯಾಕ ಯಾಕ ಬಂದ್ರಿ? ಎಳಿ ಹೆಚ್ಚುಕಮ್ಮಿ ಆದ್ರ ಎಳಿ ಹೂಡಿದವರನ್ನ ಕೇಳ್ರಿ." ಎಂದು ಆ ಕಣ್ಣನ್ನೂ ಮುಚ್ಚಿದ.

ತಳ್ಳುಗಾಡಿಯವನ ಕೈಲಿ ಸೆರಗಿನ ಮನೆಗೆ ಕೇಳಿ ಕಳಿಸಿದ. ಅವನು ಬಂದು ಒಪ್ಪಿಸಿದ: "ಸೆರಗು ಯಾವಾಗಿನಂಗ ಐತಂತ್ರಿ. ತಪ್ಪಿದ್ರ ಕಂಬಕ್ಕ ಕೇಳಬೇಕಂತ್ರಿ."

ಎಲ್ಲರ ಕೆಲಸವೂ ಸರಿಯಿತ್ತು. ಬಣ್ಣ ಸರಿ, ಒಡಲು ಸರಿ, ಸೆರಗು ಸರಿ, ಮಗ್ಗ ಸರಿ. ಸೀರೆ ಮಾತ್ರ ಇರಲಿಲ್ಲ. ಮೊದಲು ಒಂದು ಕೂಗಿಗೆ ಸಿಗುತ್ತಿದ್ದ ತಪ್ಪನ್ನು ಈಗ ನಾಲ್ಕು ಬಾಗಿಲು ತಟ್ಟಿದರೂ ಹಿಡಿಯಲು ಆಗುತ್ತಿರಲಿಲ್ಲ. ಮದುವೆ ಮುಂದಿನ ವಾರಕ್ಕೆ ಬಂತು. ಚಪ್ಪರದಲ್ಲಿ ಜೋಡಿ ಜೋಡಿ ಹಾಸುಗಳು ಮುನಿಸಿಕೊಂಡ ಗಂಡಹೆಂಡಿರ ಹಾಗೆ ಬಿದ್ದಿದ್ದವು.

ಮುರಿಗೆಪ್ಪನ ಹೆಂಡತಿ ಅವನ ಎದುರು ತಾಟು ಇಟ್ಟು ಹೇಳಿದಳು.

"ಪ್ಯಾಟ್ಯಾಗ ತಂದು ಬಿಡ್ರಿ. ಯಾರಿಗೆ ತಿಳೀತೈತಿ?"

"ಬಟ್ಟಿ ಅಂಗಡ್ಯಾವರಿಗೆ ತಿಳ್ಯಂಗಿಲ್ಲೇನ? ಸೀರಿ ತಿರುವಿ ಕೊಂಡಿ ಸವರಿ ನೋಡತಾರ. ಮಗ್ಗದವನ ಮಗಳು ಕೊಂಡ ಸೀರಿ ಉಟ್ಟು ಬಂದ್ಲು ಅಂತ ಆಕೀನ ಜಲ್ಮ ಇರೂತನಕ ಹಂಗಿಸತಾರ."

"ಹಂಗಾದ್ರ ಹೋಗಿ ನಿಮ್ಮ ಅಕ್ಕನ ಮುಂದ ಕೂಡ್ರಿ." ಎಂದು ಆಕೆ ಒಳಗೆ ಹೋದಳು.

ಅವನು ತಾಟು ಸರಿಸಿ ಎದ್ದ. ಊರಿನಲ್ಲಿ ಆಗಲೇ ಎರಡು ಪಕ್ಷವಾಗಿತ್ತು. ದುಂಡವ್ವ ಬೇಕೆಂದೇ ಎಳೆ ಕಡಿಮೆ ಹಾಕಿ ಹಗೆ ತೀರಿಸಿಕೊಂಡಳು ಎಂದು ಒಂದು ಪಕ್ಷ. ಬೀಗರು ಮದುವೆ ಮುರಿಯುತ್ತಾರೆ, ಹುಡುಗಿ ತಿರುಗಿ ಅತ್ತೆಯ ಮನೆಗೇ ಹೋಗುತ್ತಾಳೆ ಎಂದು ಇನ್ನೊಂದು ಪಕ್ಷ. ಎರಡೂ ಪಕ್ಷದವರು ಮದುವೆಯ ದಿನಕ್ಕೆ ಹೊಸ ಅಂಗಿ ಹೊಲಿಸಿದ್ದರು.

ಮುರಿಗೆಪ್ಪ ಸುವರ್ಣಾಳ ಸೀರೆಯ ಎರಡೂ ಹಾಸುಗಳನ್ನು ಹೆಗಲ ಮೇಲೆ ಹೊತ್ತುಕೊಂಡು ಊರಾಚೆಯ ಓಣಿಗೆ ನಡೆದ. ಹಾಡಹಗಲು. ಪ್ರತಿ ಕಟ್ಟೆಯ ಮೇಲೂ ಮಾತು ನಿಂತು ಅವನು ದಾಟಿದ ಮೇಲೆ ಮತ್ತೆ ಶುರುವಾಯಿತು. ಅಕ್ಕನ ಹೊಸ್ತಿಲಲ್ಲಿ ನಿಂತ. ದುಂಡವ್ವ ರೇಷ್ಮೆ ಬಿಡಿಸುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

"ಇಲ್ಲಿ ಕಂಬ ಇಲ್ಲ. ಯಾರ ಕೂಡ ಮಾತಾಡಾಕ ಬಂದಿ?"

"ನಿನ್ನ ಕೂಡ, ಅಕ್ಕಾ."

ಆಕೆ ಕೈ ಚಾಚಿದಳು. ಹಾಸುಗಳನ್ನು ಇಸಿದುಕೊಂಡು ತೊಡೆಯ ಮೇಲೆ ಹಾಕಿಕೊಂಡಳು. ಬೆರಳಿಂದ ಒಡಲನ್ನು ಸವರಿ ಹುಬ್ಬು ಗಂಟಿಕ್ಕಿದಳು.

"ಎಳಿ ಹೆಚ್ಚ ಮಾಡಿ. ಯಾವಾಗಿಂದ?"

"ತೆಳು ನೂಲು ಬಂದಾಗಿಂದ."

"ನನಗ ಯಾಕ ಹೇಳಲಿಲ್ಲ? ನಾನೂ ಹೆಚ್ಚ ಹಾಕತಿದ್ನೆಲ್ಲ. ಅದೇನ ದೊಡ್ಡ ಕೆಲಸ?"

ಮುರಿಗೆಪ್ಪ ಹೊಸ್ತಿಲ ಮೇಲೇ ಕೂತ.

"ಯಾವ ಮಾರಿ ಇಟಗೊಂಡು ಹೇಳಲಿ? ಸುವರ್ಣಾನ ನಿನ್ನ ಮನಿಗೆ ಕೊಡಲಿಲ್ಲ. ನೀ ಅವತ್ತ ಮಾರಿ ತಿರುವಿ ಅತ್ತಿ. ನಾ ನೋಡೀನಿ."

ದುಂಡವ್ವ ಅವನನ್ನು ದಿಟ್ಟಿಸಿದಳು. ತುಟಿ ಬಿಗಿ ಹಿಡಿದಳು. ಹೆಗಲು ಅಲುಗತೊಡಗಿತು. ಸೆರಗು ಬಾಯಿಗೆ ಹೋಯಿತು. ಮತ್ತೆ ಅಳಿಸಿದೆನೇ ಎಂದು ಮುರಿಗೆಪ್ಪ ಗಾಬರಿಯಾಗಿ ಎದ್ದ. ಸೆರಗಿನೊಳಗಿಂದ ನಗು ಹೊರಗೆ ಚೆಲ್ಲಿತು.

"ಎಲೊ ಹುಚ್ಚಪ್ಯಾಲಿ! ನಾ ಅತ್ತಿಲ್ಲೋ, ನಕ್ಕೀನಿ! ನಮ್ಮ ಗುರುಸಿದ್ಧ ಯುಗಾದಿಗೇ ಹೇಳಿದ್ದ, ಸುವರ್ಣಾ ನನಗ ತಂಗಿ ಇದ್ದಂಗ, ಒಂದ ಅಂಗಳದಾಗ ಸಿಂಬಳ ಒರಸಿಗೊಂಡು ಬೆಳದೀವಿ, ನಾ ಮಾಡ್ಕೊಳಂಗಿಲ್ಲ ಅಂತ. ತಮ್ಮಗ ಹೆಂಗ ಹೇಳಲಿ, ಬಳಿ ತೊಡಿಸಿದಾಕಿ ನಾನ, ಈಗ ಬ್ಯಾಡ ಅಂತ ಹೆಂಗ ಅನ್ನಲಿ ಅಂತ ನನಗ ಕೂಳ ಹೋಗತಿರಲಿಲ್ಲ. ನೀ ಬ್ಯಾರೆ ಕಡೆ ಕೊಟ್ಟಿ ಅಂತ ಕೇಳಿದ ದಿನ ಸಕ್ಕರಿ ಹಂಚಬೇಕಂತ ಮಾಡಿದ್ದೆ!"

ಮುರಿಗೆಪ್ಪ ಅಕ್ಕನ ಹತ್ತಿರಕ್ಕೆ ಸರಿದ.

"ಮತ್ತ ಹೇಳಬೇಕಿಲ್ಲೇನ?"

"ಹೇಳಬೇಕಂತ ಬಂದ್ರ ನೀ ಕಂಬದ ಕೂಡ ಮಾತಾಡಾಕ ಹತ್ತಿದಿ. ನನಗೂ ಸಿಟ್ಟ ಬಂತು. ಒಡಹುಟ್ಟಿದಾಕಿಗಿಂತ ಕಂಬ ಹೆಚ್ಚಾತು ಅಂದ್ರ ಕಂಬದ ಕೂಡನ ಬಾಳೇವು ಮಾಡು ಅಂತ ಬಿಟ್ಟೆ."

ಮುರಿಗೆಪ್ಪ ಮೊದಲು ನಾಚಿದ, ಆಮೇಲೆ ನಕ್ಕ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆ ನೀರಿನ ಜೊತೆ ಇಷ್ಟು ದಿನ ಎದೆಯ ಮೇಲೆ ಹೊತ್ತದ್ದೆಲ್ಲ ಇಳಿದುಹೋಯಿತು. ಒಳಗಿನಿಂದ ಗುರುಸಿದ್ಧ ಚಹಾ ತಂದಿಟ್ಟ. ಮಾವನ ಮುಖ ನೋಡಿದ, ಅವ್ವನ ಮುಖ ನೋಡಿದ, ತಾನು ಬಚಾವಾದೆ ಎಂದು ತಿಳಿದು ಇನ್ನೊಂದು ಕಪ್ಪು ತನಗೂ ಬಸಿದುಕೊಂಡ.

ಅಕ್ಕ ತಮ್ಮ ಅಲ್ಲೇ ಕೂತು ಎಣಿಸಿದರು. ದುಂಡವ್ವ ಸೆರಗಿಗೆ ಎಳೆ ಹೆಚ್ಚಿಸಿ ಹೊಸದಾಗಿ ಹೂಡಿದಳು. ಅವನು ಎದುರಿಗೆ ಕೂತು ಕೊಂಡಿ ಹಾಕಿದ. ಮಾತು ಬಿಟ್ಟಿದ್ದ ಅಷ್ಟೂ ದಿನಗಳ ಸುದ್ದಿಯನ್ನು ಇಬ್ಬರೂ ಎಳೆಯ ಜೊತೆಗೇ ಮುಗಿಸಿದರು, ಊರಲ್ಲಿ ಯಾರು ಯಾರ ಪಕ್ಷ ಎಂಬುದೂ ಸೇರಿ. ಕಡೆಯ ಎಳೆಗೆ ಕಡೆಯ ಎಳೆ ಸಿಕ್ಕಿತು. ಮುರಿಗೆಪ್ಪ ಬೆನ್ನು ನೆಟ್ಟಗೆ ಮಾಡಿ ಉಸಿರು ಬಿಟ್ಟ. ಉಳಿದ ಸೀರೆಗಳೂ ಹಾಗೇ ಕೂಡಿದವು. ಮಗ್ಗದವರು ಹಗಲೂ ಇರುಳೂ ಲಾಳಿ ಬಿಡಲಿಲ್ಲ.

ಮದುವೆಯ ದಿನ ಬೀಗಿತ್ತಿ ಬಂದವಳೇ ಮೊದಲು ಮಾಡಿದ ಕೆಲಸ ಅದೇ. ಸೀರೆ ತಿರುಗಿಸಿದಳು, ಸೆರಗು ಕೂಡುವ ಜಾಗವನ್ನು ಹೆಬ್ಬೆರಳಿಂದ ಸವರಿದಳು. ಮದುವೆ ಚಪ್ಪರದವರೆಲ್ಲ ಆ ಹೆಬ್ಬೆರಳನ್ನೇ ನೋಡಿದರು.

"ಎಲ್ಲಿ ಕೂಡೇತಿ ಅನ್ನೂದ ಗೊತ್ತಾಗವಲ್ದಲ್ರಿ ಬೀಗರ." ಎಂದು ಕನ್ನಡಕ ತೆಗೆದಳು.

ಎರಡೂ ಪಕ್ಷದವರಿಗೆ ಊಟ ರುಚಿಸಲಿಲ್ಲ. ಮುರಿಗೆಪ್ಪನಿಗೆ ಅವತ್ತು ರುಚಿಸಿದಷ್ಟು ಊಟ ಎಂದೂ ರುಚಿಸಿರಲಿಲ್ಲ. ದುಂಡವ್ವ ಹುಡುಗಿಯ ಕೈಗೆ ಮತ್ತೊಂದು ಜೊತೆ ಬಳೆ ತೊಡಿಸಿದಳು. ಈ ಸಲ ಏನೂ ಅನ್ನದೆ ತೊಡಿಸಿದಳು, ಅದೊಂದು ಜಾಣತನ ಮಾಡಿದಳು.

ಮದುವೆ ಮುಗಿದ ಮೇಲೆ ಒಡಲಿನ ಮನೆ, ಸೆರಗಿನ ಮನೆ ಎರಡೂ ಚಪ್ಪರಕ್ಕೆ ತಿರುಗಿ ಬಂದವು. ರಾಚಪ್ಪನನ್ನೂ ಕರೆದರು. ಅವನು ಹಳ್ಳದ ದಂಡೆಯಿಂದ ಏಳಲಿಲ್ಲ. "ಇಲ್ಲಿಂದ ನಿಮಗೇನರೆ ಕಮ್ಮಿ ಆಗೇತೇನ್ರಿ?" ಎಂದು ಕೇಳಿದ. ಮುರಿಗೆಪ್ಪ ಯೋಚಿಸಿ ನೋಡಿದ. ಏನೂ ಕಡಿಮೆಯಾಗಿರಲಿಲ್ಲ. ರಾಚಪ್ಪನ ಜೊತೆ ವಾರಕ್ಕೊಂದು ಮಾತಾದರೆ ಸಾಕು. ಇಂಥ ಬಣ್ಣ, ಇಷ್ಟು ನೂಲು, ಅಷ್ಟೇ. ಅಕ್ಕನ ಜೊತೆ ಎಳೆಗೊಂದು ಮಾತು ಬೇಕು. ವಾರಕ್ಕೊಂದು ಮಾತಿನವನು ಹಳ್ಳದಲ್ಲಿರಲಿ, ಎಳೆಗೊಂದು ಮಾತಿನವಳು ಎದುರಿಗಿರಲಿ ಎಂದು ಬಿಟ್ಟ. ಆಮೇಲೆ ಹಂಡೆಗಳು ಒಡೆದವು, ಜಗಳಗಳಾದವು, ಜ್ವರಗಳೂ ಬಂದವು. ಕೊಂಡಿ ತಪ್ಪಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಅಮರೇಶನ ಮುಖ ಬೆಳಗಿತ್ತು. ದಿನಗಟ್ಟಲೆ ತಲೆ ತಿಂದಿದ್ದ ಲೆಕ್ಕ ಸುಲಭವಾಗಿ ಬಿಡಿಸಿಕೊಂಡಿತ್ತು.

"ತಿಳೀತ್ರಿ ಅಜ್ಜಾರ. ಕಾಣಿಕಿ ರಸೀದಿ ಅಂದ್ರ ರಾಚಪ್ಪನ ಹಂಡೆ ಇದ್ದಂಗ. ಜಾತ್ರಿ ಬಂದಾಗ ಅದೊಂದ ಉಕ್ಕತೈತಿ. ಅದನ್ನ ಬ್ಯಾರೆ ಸರ್ವರಿಗೆ ಹಾಕಿಬಿಡತೀನಿ. ಹಾಸ್ಟೆಲಿನಾಗ ಹುಡುಗರು ಎಷ್ಟ ಅದಾರ ಅನ್ನೂದರ ಮ್ಯಾಲೆ ಉಗ್ರಾಣದಾಗ ಅಕ್ಕಿ ಅಳೀಬೇಕು. ಅವೆರಡರದು ಎಳಿಗೊಂದು ಮಾತು. ಅವು ಒಂದ ಕಡೆ ಇರಬೇಕು. ಖರೆ ಅಂದ್ರ ಒಡೀಬೇಕಂತ ನಾ ಮಾಡಿದ್ದು ಅವೆರಡನ್ನ ನೋಡ್ರಿ. ಉಳೀತು. ಅಲ್ರಿ?"

ಗುರುಗಳು ಅವನನ್ನು ನೋಡಿ ನಕ್ಕರು.

"ಉಗ್ರಾಣದ ಪ್ರೋಗ್ರಾಂ ಬರಿಯೋನ ಕೂಡ ನೀ ಮಾತ ಬಿಟ್ಟು ಎಷ್ಟ ದಿನ ಆತಪಾ?"

ಅಮರೇಶ ಮಠದ ಕಂಬದ ಕಡೆ ಮುಖ ತಿರುಗಿಸಿದ.